ಮೈಕಲ್ ಜಾಕ್ಸನ್ ಆಲ್ಬಮ್‌ಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?

ನನ್ನ ಹತ್ತಿರ ಹಾಡಿನ ಬಗ್ಗೆ ಮಾತಾಡುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಹೋದ ತಿಂಗಳು ಅಕ್ಕನ ಮಗಳೂ ಕೇಳಿದಳು. ‘ಥ್ರಿಲ್ಲರ್’ ಅಲ್ವಾ ಮಾವ, ಅಂತ ಉತ್ತರವನ್ನೂ ಅವಳೇ ಕೊಟ್ಟಳು. ಅಲ್ಲ, ‘ಆಫ್ ದ ವಾಲ್’ ಅಂದೆ. ಆ ಹೆಸರೇ ಅವಳಿಗೆ ಗೊತ್ತಿರಲಿಲ್ಲ.

ಅದು ಬಂದದ್ದು 1979ರ ಆಗಸ್ಟ್‌ನಲ್ಲಿ. ಮೈಕಲ್‌ಗೆ ಇನ್ನೂ 21 ತುಂಬಿರಲಿಲ್ಲ. ಚಿಕ್ಕಂದಿನಿಂದ ಅಣ್ಣಂದಿರ ಜೊತೆ ಹಾಡಿಕೊಂಡು ಬಂದ ಹುಡುಗ ಇಲ್ಲಿ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಜೊತೆ ಸೇರಿ ತನ್ನದೇ ದನಿಯನ್ನು ಕಂಡುಕೊಂಡ. ಹತ್ತು ಹಾಡು. ಯಾರ ಮೇಲೂ ಸಿಟ್ಟಿಲ್ಲ, ಯಾರಿಗೂ ಏನನ್ನೂ ಸಾಬೀತು ಮಾಡುವ ಅವಸರವಿಲ್ಲ, ಹಾಡುವುದರಲ್ಲಿ ಇರುವ ಸುಖ ಮಾತ್ರ. ಮೊದಲ ಹಾಡಿನಲ್ಲಿ ಅವನು ಪಿಸುಗುಟ್ಟುತ್ತಾ ಶುರು ಮಾಡಿ ಥಟ್ಟನೆ ಕೂಗು ಹಾಕುತ್ತಾನಲ್ಲ, ಆ ಕೂಗಿನಲ್ಲಿರುವ ಖುಷಿ ಮುಂದೆ ಅವನ ಯಾವ ಆಲ್ಬಮ್‌ನಲ್ಲೂ ನನಗೆ ಸಿಗಲಿಲ್ಲ. ‘ಶೀ ಈಸ್ ಔಟ್ ಆಫ್ ಮೈ ಲೈಫ್’ ಹಾಡುವಾಗ ಪ್ರತಿ ಸಲವೂ ಕೊನೆಯಲ್ಲಿ ಅವನಿಗೆ ಅಳು ಬಂದುಬಿಡುತ್ತಿತ್ತಂತೆ. ಕ್ವಿನ್ಸಿ ಅದನ್ನು ಹಾಗೇ ಉಳಿಸಿದರು. ಆಲ್ಬಮ್‌ನಲ್ಲಿ ಕೊರತೆ ಇಲ್ಲವೇ? ಇದೆ. ಎರಡನೇ ಬದಿ ಅಲ್ಲಲ್ಲಿ ಜೋಲು ಬೀಳುತ್ತದೆ. ‘ಗರ್ಲ್‌ಫ್ರೆಂಡ್’ ಇಲ್ಲದಿದ್ದರೂ ನಡೆಯುತ್ತಿತ್ತು.

1982ರ ‘ಥ್ರಿಲ್ಲರ್’ ಇದಕ್ಕಿಂತ ಗಟ್ಟಿ ಕೆಲಸ, ಅದನ್ನು ಒಪ್ಪುತ್ತೇನೆ. ಒಂಬತ್ತು ಹಾಡಲ್ಲಿ ಏಳು ಅಮೆರಿಕದ ಟಾಪ್ ಹತ್ತಕ್ಕೆ ಹೋದವು. ನಮ್ಮ ಮನೆಯ ಕ್ಯಾಸೆಟ್‌ನಲ್ಲಿ ಬಿ ಸೈಡ್ ಸವೆದೇ ಹೋಗಿತ್ತು. ‘ಬೀಟ್ ಇಟ್’, ‘ಬಿಲ್ಲಿ ಜೀನ್’, ‘ಹ್ಯೂಮನ್ ನೇಚರ್’ ಸಾಲಾಗಿ ಬರುವ ಜಾಗ ಅದು, ಸವೆಯದೆ ಇನ್ನೇನು! ಆದರೆ ಎ ಸೈಡ್‌ನಲ್ಲಿ ಪಾಲ್ ಮೆಕಾರ್ಟ್ನಿ ಜೊತೆಗಿನ ‘ದ ಗರ್ಲ್ ಈಸ್ ಮೈನ್’ ಬಂದಾಗ ಇವತ್ತಿಗೂ ನನ್ನ ಕೈ ಮುಂದಿನ ಹಾಡಿಗೆ ಹೋಗುತ್ತದೆ.

ಈ ಆಲ್ಬಮ್‌ನ ಒಂದು ಕಥೆ ನನಗೆ ತುಂಬಾ ಮುಖ್ಯ. ಎಲ್ಲ ಮುಗಿಸಿ ಕೂತು ಕೇಳಿದರೆ ಸದ್ದು ಸೊರಗಿತ್ತು. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಜಾಸ್ತಿ ಹೊತ್ತಿನ ಹಾಡು ತುಂಬಿದರೆ ಗೀರುಗಳು ಇಕ್ಕಟ್ಟಾಗಿ ದನಿ ತೆಳುವಾಗುತ್ತದೆ. ಹಾಗಾಗಿ ಹಾಡುಗಳನ್ನು ಕತ್ತರಿಸಿ, ಒಂದೊಂದನ್ನೇ ಮತ್ತೆ ಮಿಕ್ಸ್ ಮಾಡಿದರು. ‘ಬಿಲ್ಲಿ ಜೀನ್’ ಶುರುವಿನ ಡ್ರಮ್ಸ್ ಉದ್ದವಾಯಿತು ಅಂದರು ಕ್ವಿನ್ಸಿ. ನನಗೆ ಕುಣಿಯಬೇಕು ಅನ್ನಿಸುವುದೇ ಅದರಿಂದ, ಅಂದ ಮೈಕಲ್. ಅಲ್ಲಿ ಮೈಕಲ್ ಹೇಳಿದ್ದೇ ಸರಿ. ಒಬ್ಬರು ‘ಸಾಕು’ ಅನ್ನಬೇಕು, ಇನ್ನೊಬ್ಬರು ‘ಇಲ್ಲ, ಇದು ಬೇಕು’ ಅಂತ ಜಗಳ ಆಡಬೇಕು. ‘ಥ್ರಿಲ್ಲರ್’ ಹುಟ್ಟಿದ್ದು ಹಾಗೆ.

‘ಬ್ಯಾಡ್’ (1987) ಕ್ವಿನ್ಸಿ ಜೊತೆಗಿನ ಕೊನೆಯ ಆಲ್ಬಮ್. ಐದು ಹಾಡು ಅಮೆರಿಕದಲ್ಲಿ ನಂಬರ್ ಒನ್ ಆದವು, ನಿಜ. ಆದರೆ ಸಿಂಥಸೈಜರ್ ಜಾಸ್ತಿಯಾಗಿ ದನಿ ಸ್ವಲ್ಪ ತಣ್ಣಗಾಗಿದೆ. ಹನ್ನೊಂದರಲ್ಲಿ ಒಂಬತ್ತು ಹಾಡು ಮೈಕಲ್‌ನೇ ಬರೆದದ್ದು. ಬೇರೆಯವರು ಬರೆದ ಎರಡರಲ್ಲಿ ಒಂದು, ‘ಮ್ಯಾನ್ ಇನ್ ದ ಮಿರರ್’, ಇಡೀ ಆಲ್ಬಮ್‌ನ ಜೀವ. ಇನ್ನೊಂದು, ಸ್ಟೀವಿ ವಂಡರ್ ಜೊತೆ ಹಾಡಿದ ‘ಜಸ್ಟ್ ಗುಡ್ ಫ್ರೆಂಡ್ಸ್’, ಅದರಲ್ಲೇ ಸಪ್ಪೆ ಹಾಡು.

ಆಮೇಲೆ ಸಿಡಿ ಕಾಲ ಬಂತು. 70 ನಿಮಿಷಕ್ಕಿಂತ ಜಾಸ್ತಿ ಜಾಗ. ‘ಆಫ್ ದ ವಾಲ್’, ‘ಥ್ರಿಲ್ಲರ್’ ಎರಡೂ 40 ನಿಮಿಷದ ಆಸುಪಾಸಿನವು, 1991ರ ‘ಡೇಂಜರಸ್’ 77 ನಿಮಿಷ. ಹೊಸ ಪ್ರೊಡ್ಯೂಸರ್ ಟೆಡ್ಡಿ ರೈಲಿ ಜೊತೆ ಮಾಡಿದ ಮೊದಲರ್ಧದ ತಾಳ ಅದ್ಭುತ. ಬಾಗಿಲು ಬಡಿದಂತೆ, ಗಾಜು ಒಡೆದಂತೆ ಹೊಡೆಯುತ್ತದೆ. ಹತ್ತು ಹಾಡಿಗೆ ನಿಲ್ಲಿಸಿದ್ದರೆ ನಾನು ಅದನ್ನೇ ಮೊದಲಿಗೆ ಇಡುತ್ತಿದ್ದೆನೋ ಏನೋ. ‘ಸಾಕು’ ಅನ್ನಲು ಕ್ವಿನ್ಸಿಯೂ ಇರಲಿಲ್ಲ, ಎಲ್‌ಪಿಯ ಇಕ್ಕಟ್ಟೂ ಇರಲಿಲ್ಲ. 2001ರ ‘ಇನ್ವಿನ್ಸಿಬಲ್’ಗೆ ಇದೇ ಕಾಯಿಲೆ ಇನ್ನೂ ಜಾಸ್ತಿ. ಹದಿನಾರು ಹಾಡಿನಲ್ಲಿ ‘ಬಟರ್‌ಫ್ಲೈಸ್’ ಒಂದನ್ನು ತಪ್ಪದೇ ಕೇಳಿ.

1995ರ ‘ಹಿಸ್ಟರಿ’ಯನ್ನು ಮಾತ್ರ ಮೊದಲು ಕೇಳಬೇಡಿ. ಒಂದು ಡಿಸ್ಕ್ ಹಳೆಯ ಹಾಡು, ಇನ್ನೊಂದು ಹೊಸದು. ಹೊಸದರ ತುಂಬ ಸಿಟ್ಟು, ನೋವು. ಕೆಲವು ಕಡೆ ಹಾಡಿಗಿಂತ ದೂರೇ ದೊಡ್ಡದು. ಅದರ ನಡುವೆ ‘ಸ್ಟ್ರೇಂಜರ್ ಇನ್ ಮಾಸ್ಕೋ’ ಇದೆ, ಮಳೆಯಲ್ಲಿ ಒಬ್ಬನೇ ನಿಂತವನ ಹಾಡು. ಅಕ್ಕನ ಮಗಳಿಗೂ ಇದನ್ನೇ ಹೇಳಿದೆ. ‘ಆಫ್ ದ ವಾಲ್’ ಒಂದು ವಾರ ಕೇಳು, ಶಫಲ್ ಹಾಕಬೇಡ. ಆಮೇಲೆ ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಈ ಹಾಡು ಕೇಳು. ಎರಡೂ ಒಂದೇ ಗಂಟಲು.