255 ಯೂರೊ ಮನೆ

ಜರ್ಮನಿಯ ಈ ಕೆಮ್ನಿಟ್ಸ್ ಎಲ್ಲಿದೆ ಅಂತ ಹಾಸನದಲ್ಲಿ ನಮ್ಮ ಪೈಕಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿನ ಯೂನಿವರ್ಸಿಟಿಯಲ್ಲಿ ಸೀಟು ಸಿಗೋ ತನಕ ನನಗೂ ಗೊತ್ತಿರಲಿಲ್ಲ ಅನ್ನಿ. ಮ್ಯೂನಿಕ್‌ಗೆ ಹೋದ ಗೆಳೆಯ ನಾಲ್ಕು ಜನ ಇರುವ ಮನೆಯಲ್ಲಿ ಒಂದು ರೂಮಿಗೆ 750 ಯೂರೊ ಕೊಡುತ್ತಿದ್ದ. ನನಗೆ ಇಲ್ಲಿ 28 ಚದರ ಮೀಟರಿನ ಇಡೀ ಮನೆ, ನೀರು, ಹೀಟರು ಸೇರಿ 255ಕ್ಕೆ ಸಿಕ್ಕಿತ್ತು. ವೀಸಾಕ್ಕೆ ಅಂತ, ತಿಂಗಳಿಗಿಷ್ಟು ಅಂತ ಮಾತ್ರ ದುಡ್ಡು ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ 11,904 ಯೂರೊದಲ್ಲಿ ತಿಂಗಳಿಗೆ ಕೈಗೆ ಬರೋದು 992. ಬಾಡಿಗೆ, ವಿಮೆ, ಊಟ ಎಲ್ಲ ಅದರಲ್ಲೇ. ಮ್ಯೂನಿಕ್‌ನಲ್ಲಿ ಇದ್ದಿದ್ದರೆ 20ನೇ ತಾರೀಖಿಗೆಲ್ಲ ಅಪ್ಪನಿಗೆ ಫೋನ್ ಹೋಗುತ್ತಿತ್ತು.

2025ರ ಅಕ್ಟೋಬರಿನ ಒಂದು ಶುಕ್ರವಾರ ಬೀಗದ ಕೈ ಸಿಕ್ಕಿತು. ಊರಿನ ದಕ್ಷಿಣಕ್ಕೆ, ಟ್ರಾಮ್ ಹೋಗಿ ನಿಲ್ಲುವ ಹುಟ್‌ಹೋಲ್ಟ್ಸ್ ಕಡೆ, ಹಳೇ ಪೂರ್ವ ಜರ್ಮನಿಯ ಕಾಲದ ಕಾಂಕ್ರೀಟ್ ಕಟ್ಟಡ. ಇವನ್ನು ಪ್ಲಾಟನ್‌ಬೌ ಅಂತಾರೆ. ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಗೋಡೆಗಳನ್ನು ತಂದು ಜೋಡಿಸಿದ್ದು. ಒಳಗೆ ಹೋಗಿ ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ತಲೆ ಎತ್ತಿ ನೋಡಿದರೆ ಚಾವಣಿಯಿಂದ ಮೂರು ವೈರು ಮಾತ್ರ ಇಳಿಬಿದ್ದಿವೆ. ಬಲ್ಬು ಹೋಗಲಿ, ಹೋಲ್ಡರೂ ಇಲ್ಲ. ಅಡುಗೆಮನೆಗೆ ಮೊಬೈಲ್ ಟಾರ್ಚ್ ಬಿಟ್ಟೆ. ಗೋಡೆಯಲ್ಲಿ ಮುಚ್ಚಳ ಹಾಕಿದ ಎರಡು ನಲ್ಲಿ ಪೈಪು, ಕೆಳಗೊಂದು ತೂತು. ಸಿಂಕಿಲ್ಲ, ಕಟ್ಟೆಯಿಲ್ಲ, ಒಲೆಯಿಲ್ಲ.

ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. "ಅಡುಗೆಮನೆಯನ್ನೇ ಯಾರೋ ಕಿತ್ಕೊಂಡು ಹೋಗಿದಾರಲ್ಲೋ!" ಅಂದರು.

ಅವರು ಅಂದಿದ್ದು ನಿಜ. ಇಲ್ಲಿ ಬಾಡಿಗೆದಾರರು ಮನೆ ಬಿಡುವಾಗ ಅಡುಗೆಮನೆಯನ್ನೂ ಬಿಚ್ಚಿಕೊಂಡು ಹೋಗುವುದು ಮಾಮೂಲಿ. ಅಡುಗೆಮನೆ ಸಮೇತ ಕೊಡುವ ಮನೆಯ ಜಾಹೀರಾತಿನಲ್ಲಿ ಇ-ಬಿ-ಕೆ ಅಂತ ಮೂರಕ್ಷರ ಹಾಕಿರುತ್ತಾರೆ. ನಾನು ನೋಡಿದ್ದರಲ್ಲಿ ಅದಿರಲಿಲ್ಲ. ಇಲ್ಲದ್ದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಜರ್ಮನ್ ನನಗೆ ಬರುತ್ತಿರಲಿಲ್ಲ.

ಶನಿವಾರ ದಾವಣಗೆರೆಯ ಸೀನಿಯರ್ ಒಬ್ಬ ಡ್ರಿಲ್ ಮೆಷಿನ್ ತಂದ. ರೈಲ್ವೆ ಸ್ಟೇಷನ್ ಆಚೆಯ ಜೊನನ್‌ಬೆರ್ಗ್‌ನಲ್ಲಿ, ಮನೆ ಖಾಲಿ ಮಾಡುತ್ತಿದ್ದ ಹುಡುಗನೊಬ್ಬ ಸಿಂಕನ್ನು ಅದರ ಕಪಾಟಿನ ಸಮೇತ 20 ಯೂರೊಗೆ ಕೊಡುತ್ತೇನೆ ಅಂದಿದ್ದ. ಲಿಫ್ಟಿಲ್ಲದ ಮೂರನೇ ಮಹಡಿ. ಇಬ್ಬರೂ ಹೊತ್ತು ಇಳಿಸಿ, ನಾಲ್ಕು ಕಡೆ ದಣಿವಾರಿಸಿಕೊಂಡು, ಟ್ರಾಮಿಗೆ ಹತ್ತಿಸಿದೆವು. ಟ್ರಾಮಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ನಮ್ಮೂರ ಬಸ್ಸಾಗಿದ್ದರೆ ಇಳಿಯೋ ಹೊತ್ತಿಗೆ ಸಿಂಕಿನ ರೇಟು, ನಮ್ಮ ಜಾತಕ ಎಲ್ಲ ಹೊರಗೆ ಬಂದಿರುತ್ತಿತ್ತು. ಮನೆಗೆ ತಂದು ನೋಡಿದರೆ ಸಿಂಕಿನ ಕೆಳಗೆ ಬರೋ ಬಾಗಿದ ಪೈಪೇ ಇಲ್ಲ. ಅಷ್ಟೊತ್ತಿಗೆ ಅಂಗಡಿ ಬಾಗಿಲು ಹಾಕಿತ್ತು. ಇಲ್ಲಿ ಭಾನುವಾರ ಅಂಗಡಿ ತೆರೆಯಲ್ಲ. ಇನ್ನು ಸೋಮವಾರವೇ.

ಲೈಟಾದರೂ ಆಗಲಿ ಅಂತ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಾವಣಿಗೆ ಡ್ರಿಲ್ ಹಚ್ಚಿದೆ. ಕಾಂಕ್ರೀಟ್ ಮನೆಯಲ್ಲಿ ಡ್ರಿಲ್ ಸದ್ದು ಒಂದೇ ಮನೆಯದ್ದಾಗಿ ಉಳಿಯಲ್ಲ. ಇಡೀ ಕಟ್ಟಡದ ಹಲ್ಲಿಗೆ ಹಚ್ಚಿದ ಹಾಗೆ. ಎರಡನೇ ತೂತು ಮುಗಿದಿರಲಿಲ್ಲ, ಬೆಲ್ಲು ಬಾರಿಸಿತು. ಕೆಳಗಿನ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು. "ಹೊಯ್ಟ ಇಸ್ಟ್ ಜೊನ್‌ಟಾಗ್!" ಇವತ್ತು ಭಾನುವಾರ! ಭಾನುವಾರ ಗಲಾಟೆ ಮಾಡಬಾರದು ಅನ್ನೋದು ಇಲ್ಲಿ ಮರ್ಯಾದೆಯ ಮಾತಷ್ಟೇ ಅಲ್ಲ, ಕಾನೂನು. ಇಂಗ್ಲಿಷಿನಲ್ಲಿ ಸಾರಿ ಅಂದೆ. ಅರ್ಥವಾಗಲಿಲ್ಲ ಅಂತ ಅವರು ತಲೆಯಾಡಿಸಿದರು. ಅವರ ಕಾಲದಲ್ಲಿ ಇಲ್ಲಿನ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ರಷ್ಯನ್. ಬೆಂಗಳೂರಿನಲ್ಲಿ ಕಲಿತ ಎ2, ಅಂದರೆ ಆರಂಭದ ಮಟ್ಟದ ಜರ್ಮನ್ನೇ ಗತಿ. ಅವರದ್ದೋ ಈ ಸೀಮೆಯ ಸ್ಯಾಕ್ಸನ್ ಆಡುಮಾತು. ಕ, ಗ ಎರಡೂ ಒಂದೇ ಥರ ಕೇಳುತ್ತೆ.

ಬೈಯುತ್ತಲೇ ಒಳಗೆ ಇಣುಕಿದರು. ನಡುಮನೆಯಲ್ಲಿ ಕೂತಿದ್ದ ಸಿಂಕು ನೋಡಿದರು, ಅದರ ತಳ ಬಗ್ಗಿ ನೋಡಿದರು. ಏನೂ ಹೇಳದೆ ಇಳಿದು ಹೋದರು. ಮನೆ ಬಾಡಿಗೆಗೆ ಕೊಟ್ಟ ಹೌಸಿಂಗ್ ಕಂಪನಿಗೆ ದೂರು ಕೊಡುತ್ತಾರೆ ಅಂದುಕೊಂಡು ಡ್ರಿಲ್ ಬಿಚ್ಚಿಟ್ಟೆ. ಅರ್ಧ ಗಂಟೆ ಬಿಟ್ಟು ವಾಪಸ್ ಬಂದರು, ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಬಾಗಿದ ಪೈಪು! ಇಲ್ಲಿ ಪ್ರತಿ ಮನೆಗೂ ನೆಲಮಾಳಿಗೆಯಲ್ಲಿ ಒಂದು ಗೂಡು ಇರುತ್ತೆ. ಅಲ್ಲಿಂದ ಹುಡುಕಿ ತಂದಿದ್ದರು.

ಪೈಪು ಹಾಕುವಾಗ ನಾನು ಕಿಟಕಿ ಕಡೆ ತೋರಿಸಿ "ಚೆನ್ನಾಗಿರೋ ಪಾರ್ಕು" ಅಂದೆ. ಮಾತಿಗೊಂದು ಮಾತು ಬೇಕಿತ್ತು, ಅಷ್ಟೇ. "ಪಾರ್ಕಲ್ಲ," ಅಂದರು. ಆ ಹುಲ್ಲಿನ ಜಾಗದಲ್ಲಿ ಇದೇ ಥರದ ಇನ್ನೊಂದು ಕಟ್ಟಡ ಇತ್ತಂತೆ. ಅವರು 1980ರ ದಶಕದಲ್ಲಿ ಇಲ್ಲಿಗೆ ಬಂದಾಗ ಊರಿನ ಹೆಸರು ಕಾರ್ಲ್-ಮಾರ್ಕ್ಸ್-ಶ್ಟಾಟ್. ಬಿಸಿನೀರು, ಹೀಟಿಂಗ್ ಇರೋ ಮನೆಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. 1990ರಲ್ಲಿ ಎರಡು ಜರ್ಮನಿ ಒಂದಾದವು, ಫ್ಯಾಕ್ಟರಿಗಳು ಮುಚ್ಚಿದವು, ಪ್ರಾಯದವರು ಕೆಲಸ ಹುಡುಕಿ ಪಶ್ಚಿಮಕ್ಕೆ ಹೋದರು. ಒಂದು ಕಾಲಕ್ಕೆ 3 ಲಕ್ಷ ದಾಟಿದ್ದ ಊರಲ್ಲಿ ಈಗ ಸುಮಾರು ಎರಡೂವರೆ ಲಕ್ಷ ಜನ. ಖಾಲಿ ಬಿದ್ದ ಕಟ್ಟಡಗಳನ್ನು ಕೆಡವಿ ಹುಲ್ಲು ಹಾಕಿದರು. ಅಜ್ಜಿಯ ಮಗ ಶ್ಟುಟ್‌ಗಾರ್ಟ್‌ನಲ್ಲಿದ್ದಾನೆ. "ಮನೆಯೇ ಸಿಗಲ್ಲವಂತೆ ಅಲ್ಲಿ," ಅಂತ ನಕ್ಕರು.

ನಾನು ಅಲ್ಲಿವರೆಗೆ 255 ಯೂರೊ ನನ್ನ ಜಾಣತನ ಅಂದುಕೊಂಡಿದ್ದೆ.

ಅಜ್ಜಿಯ ಪೈಪು ನನ್ನ ಸಿಂಕಿಗೆ ಒಂದು ಸುತ್ತು ಸಣ್ಣದಾಯಿತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂರಿಸಿದೆವು. ಎರಡು ಪ್ಲೇಟಿನ ಕರೆಂಟ್ ಒಲೆ ಆಮೇಲೆ ಬಂತು. ತೊಗರಿಬೇಳೆ ವಿಯೆಟ್ನಾಮಿನವರ ಅಂಗಡಿಯಲ್ಲಿ ಸಿಗುತ್ತೆ. ಪೂರ್ವ ಜರ್ಮನಿಯ ಫ್ಯಾಕ್ಟರಿಗಳಿಗೆ ಕೂಲಿಗೆ ಅಂತ ಬಂದ ಎಷ್ಟೋ ವಿಯೆಟ್ನಾಮಿನವರು ಇಲ್ಲೇ ಉಳಿದರು. ಪೈಪು ಈಗಲೂ ತೊಟ್ಟಿಕ್ಕುತ್ತೆ. ಹೊಸದಕ್ಕೆ ಹತ್ತು ಯೂರೊ ಆಗಬಹುದು, ತಂದಿಲ್ಲ. ಕೆಳಗೆ ಒಂದು ಕೆಜಿಯ ಮೊಸರಿನ ಡಬ್ಬ ಇಟ್ಟಿದ್ದೇನೆ. ರಾತ್ರಿ ಮಲಗೋ ಮುಂಚೆ ಅದನ್ನು ಚೆಲ್ಲಬೇಕು, ಇಲ್ಲದಿದ್ದರೆ ಬೆಳಿಗ್ಗೆ ಅಜ್ಜಿಯ ಬೆಲ್ಲು.