ಆರು ಡಿಸ್ಕ್, ನಾಲ್ಕರ ಜಾಗ

18 ಮೇ 2025, ರವಿವಾರ
ಕೇಶ್ವಾಪುರ, ಹುಬ್ಬಳ್ಳಿ

ನಾವು ತೆಗೆಯುವ ಮದುವೆ ವಿಡಿಯೋಗಳನ್ನು ಇಡಲು ಕಟ್ಟಿದ ಮಷೀನಿನಲ್ಲಿ, ಶುಕ್ರವಾರ ರಾತ್ರಿ ಊಟವಾದ ಮೇಲೆ ಹಚ್ಚಿದ್ದ ಸಿಂಕ್ (ಡಿಸ್ಕ್‌ಗಳನ್ನು ಒಂದಕ್ಕೊಂದು ಹೊಂದಿಸುವ ಮೊದಲ ಓಟ) ನಿನ್ನೆ ಮಧ್ಯಾಹ್ನ ಮುಗಿಯಿತು. 8 ಟಿಬಿಯ ಆರು ಡಿಸ್ಕ್, ರೇಡ್ 6. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ದೊಡ್ಡ ಡಿಸ್ಕಿನಂತೆ ಜೋಡಿಸುವ ಬಗೆ; 6ರಲ್ಲಿ ಎರಡು ಡಿಸ್ಕ್ ಸತ್ತರೂ ಫೈಲ್ ಉಳಿಯುತ್ತವೆ. ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದದ್ದನ್ನು ಮರಳಿ ಪಡೆಯುವ ಲೆಕ್ಕಕ್ಕೆ, ಹೋಗಿ ಕೈಗೆ ಸಿಕ್ಕಿದ್ದು 32 ಟಿಬಿ. ಲಿನಕ್ಸ್ ಸಾವಿರದ ಬದಲು 1024ರ ಲೆಕ್ಕ ಹಿಡಿದು 29 ಚಿಲ್ಲರೆ ಅಂತ ತೋರಿಸುತ್ತದೆ.

ಅದನ್ನು ನೋಡಿ ಕಾಕಾನ ಮಗನಿಗೆ ಸಿಟ್ಟು. ಕ್ಯಾಮೆರಾ ಅವನದು, ಎಡಿಟಿಂಗ್ ನನ್ನದು, ರೊಕ್ಕ ಇಬ್ಬರದೂ. "ಅಲ್ಲಣ್ಣಾ, ಆರಕ್ಕ ರೊಕ್ಕಾ ಕೊಟ್ಟು ನಾಕರ ಜಾಗಾ ತಗೊಳ್ಳೂದು ಎಂಥಾ ವ್ಯಾಪಾರ? ರೇಡ್ 5 ಮಾಡಿದ್ರ ಇನ್ನೊಂದು ಎಂಟು ಟಿಬಿ ಸಿಗತಿತ್ತಲ್ಲ!"

ಅವನ ಸಂಕಟವೂ ಸುಳ್ಳಲ್ಲ. 100 ಎಂಬಿಪಿಎಸ್‌ನಲ್ಲಿ 4ಕೆ ಹಿಡಿದರೆ ಒಂದು ಕ್ಯಾಮೆರಾ ತಾಸಿಗೆ 45 ಜಿಬಿ ತಿನ್ನುತ್ತದೆ. ಅರಿಷಿಣ, ಸುರಗಿ, ಅಕ್ಕಿಕಾಳು, ಊಟದ ಪಂಕ್ತಿ ಅಂತ ಮೂರು ಕ್ಯಾಮೆರಾ ಹತ್ತು ತಾಸು ಓಡಿದರೆ ಒಂದೇ ಮದುವೆಗೆ 1.35 ಟಿಬಿ. ಪೆನ್‌ಡ್ರೈವ್ ಕೊಟ್ಟ ಮೇಲೆ ಅಳಿಸಿಬಿಡುವವರೂ ಇದ್ದಾರೆ. ಆದರೆ ಹಳೇ ಗಿರಾಕಿಗಳ ಫೋನ್ ಬರುವುದೇ ಬೇರೆ ಹೊತ್ತಿನಲ್ಲಿ: "ಅಜ್ಜಾರು ಹೋದ್ರರಿ. ನಮ್ಮ ಮದುವಿಯೊಳಗ ಅವರು ಮಾತಾಡಿದ್ದು ಏನರ ಐತೇನ್ರಿ?" ಕತ್ತರಿಸಿ ಕೊಟ್ಟ ವಿಡಿಯೋದಲ್ಲಿ ಅಜ್ಜ ಹೀಗೆ ಬಂದು ಹಾಗೆ ಹೋಗಿರುತ್ತಾರೆ. ರಾ ಫುಟೇಜಿನಲ್ಲಾದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬೀಗರ ಮೊಣಕಾಲು ತಟ್ಟುತ್ತ, ಮಳೆ ಬೆಳೆ ಎಲ್ಲ ಮಾತಾಡಿರುತ್ತಾರೆ. ಆ ಫೈಲ್ ಅಳಿಸಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ರೇಡ್ 6. ಪ್ಯಾರಿಟಿ ಅಂದರೆ ಕಿರಾಣಿ ಚೀಟಿಯ ಅಡಿಗೆ ಬರೆದ ಒಟ್ಟು ಮೊತ್ತ ಇದ್ದಹಾಗೆ. ನಡುವಿನ ಒಂದು ಸಾಲು ಅಳಿಸಿಹೋದರೆ, ಮೊತ್ತದಲ್ಲಿ ಉಳಿದ ಸಾಲು ಕಳೆದು ಅದನ್ನು ಮರಳಿ ಬರೆಯಬಹುದು. ರೇಡ್ 5ರಲ್ಲಿ ಇಂಥ ಮೊತ್ತ ಒಂದೇ, ಎರಡು ಸಾಲು ಹೋದರೆ ಆಗುವುದಿಲ್ಲ. ಅದಕ್ಕೇ ರೇಡ್ 6 ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ ಎರಡನೇ ಮೊತ್ತವನ್ನೂ ಇಟ್ಟುಕೊಂಡಿರುತ್ತದೆ. ಎಷ್ಟೋ ಡಿಸ್ಕ್‌ಗಳ ಸ್ಪೆಕ್‌ನಲ್ಲಿ, 10ರ ಘಾತ 14ರಷ್ಟು ಬಿಟ್ ಓದಿದರೆ ಒಂದು ಓದಲಾಗದ ದೋಷ ಬರಬಹುದು ಎಂದು ಬರೆದಿರುತ್ತದೆ. ಅಷ್ಟು ಬಿಟ್ ಅಂದರೆ 12.5 ಟಿಬಿ. ರೇಡ್ 5ರಲ್ಲಿ ನಮ್ಮದೊಂದು ಡಿಸ್ಕ್ ಸತ್ತರೆ ಅದರಲ್ಲಿದ್ದುದನ್ನು ಹೊಸ ಡಿಸ್ಕಿನಲ್ಲಿ ಮರಳಿ ಕಟ್ಟಲು (ರೀಬಿಲ್ಡ್) ಉಳಿದ ಐದನ್ನೂ ಮೊದಲಿನಿಂದ ಕೊನೆವರೆಗೆ, 40 ಟಿಬಿ, ಓದಬೇಕು. ಡಿಸ್ಕ್‌ಗಳು ಸ್ಪೆಕ್ ಹೇಳಿದ್ದಕ್ಕಿಂತ ಚೆನ್ನಾಗೇ ನಡೆಯುತ್ತವೆ, ನಿಜ. ಆದರೂ ಆ ರೀಬಿಲ್ಡ್ ಮುಗಿಯುವ ತನಕ ಇನ್ನೊಂದು ಡಿಸ್ಕ್ ಹೋಗದಿರಲಿ ಎಂದು ಸಿದ್ಧಾರೂಢರಿಗೆ ಕೈಮುಗಿದು ಕೂಡುವುದು ನನ್ನಿಂದಾಗದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಬರೆದ ರೇಡ್‌ನ ಮೂಲ ಪ್ರಬಂಧದಲ್ಲಿ ಮಟ್ಟಗಳು 5ಕ್ಕೇ ನಿಂತಿದ್ದವು. 6 ಆಮೇಲೆ ಬಂತು, ಸುಮ್ಮನೆ ಬರಲಿಲ್ಲ.

ಡಿಸ್ಕ್‌ಗಳನ್ನು ಬೇಕೆಂದೇ ಎರಡು ಅಂಗಡಿಯಿಂದ ತಂದೆ. ಒಂದೇ ಲಾಟಿನವು ಒಂದೇ ಹೊತ್ತಿಗೆ ಕೈಕೊಡುವ ಸಂಭವ ಹೆಚ್ಚು. ಡಿಸ್ಕಿನ ಮೇಲೆ ಬರೆಯುವ ಬಗೆ ಎರಡು; ಎಸ್‌ಎಂಆರ್ ಬೇಡ, ಸಿಎಂಆರ್ ಬೇಕು ಅಂದಾಗ ಅಂಗಡಿಯವನು "ಎಲ್ಲಾ ಒಂದರೀ ಸರ" ಅಂದ. ಒಂದಲ್ಲ. ಸಿಎಂಆರ್‌ನಲ್ಲಿ ಬರೆಯುವ ಟ್ರ್ಯಾಕ್‌ಗಳು ಬೇರೆಬೇರೆ ಇರುತ್ತವೆ, ಎಸ್‌ಎಂಆರ್‌ನಲ್ಲಿ ಒಂದರ ಮೇಲೊಂದು ಹಾಯುತ್ತವೆ. ರೀಬಿಲ್ಡ್ ಹೊತ್ತಿನಲ್ಲಿ ಬರೆಯುವ ವೇಗ ನೆಲಕಚ್ಚುತ್ತದೆ. ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಆರು ಸಾಟಾ ಪೋರ್ಟ್ ಇದ್ದರೂ ಎಂ.2 (ಬೋರ್ಡಿಗೇ ಕೂರುವ ಸಣ್ಣ ಎಸ್‌ಎಸ್‌ಡಿ) ಹಾಕಿದರೆ ಅದರಲ್ಲೊಂದು ಬಂದ್. ಹಾಗಾಗಿ ಸರ್ವರ್‌ನಿಂದ ಬಿಚ್ಚಿದ ಹಳೇ ಎಚ್‌ಬಿಎ (ಹೆಚ್ಚು ಡಿಸ್ಕ್ ಜೋಡಿಸುವ) ಕಾರ್ಡ್ ತಂದು, ತಾನು ರೇಡ್ ಮಾಡದೆ ಡಿಸ್ಕ್‌ಗಳನ್ನು ನೇರ ಲಿನಕ್ಸಿಗೆ ತೋರಿಸುವ ಐಟಿ ಮೋಡ್‌ಗೆ ಹಾಕಿದೆ. ಸರ್ವರ್ ಫ್ಯಾನ್‌ಗಳ ಬಿರುಗಾಳಿಯಲ್ಲಿ ಇದ್ದ ಕಾರ್ಡು, ಮನೆ ಕ್ಯಾಬಿನೆಟ್‌ನಲ್ಲಿ ಅದರ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ ಅಂತು. ಮೇಲೆ ಸಣ್ಣ ಫ್ಯಾನ್ ಕಟ್ಟಿದ್ದೇನೆ.

ಇವತ್ತು ಪರೀಕ್ಷೆ. ಬೂಟ್ ಆದಾಗೊಮ್ಮೆ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ಅದಲುಬದಲಾಗಬಹುದು. ಅದಕ್ಕೇ ಒಂದೊಂದು ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರವನ್ನು ಮಾರ್ಕರ್‌ನಿಂದ ಬಿಳಿ ಟೇಪಿನ ಮೇಲೆ ಬರೆದು, ಕೇಬಲ್ ಬದಿಗೆ ಕಾಣುವಂತೆ ಅಂಟಿಸಿದೆ. ಒಂದು ಮದುವೆಯ ಫೋಲ್ಡರ್ ತುಂಬಿ, ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಗುರುತು) ತೆಗೆದಿಟ್ಟು, ರೇಡ್ ನಡೆಸುವ ಎಂಡಿಆಡಮ್ ಪ್ರೋಗ್ರಾಮಿನಲ್ಲಿ ಮೂರನೇ ಡಿಸ್ಕಿಗೆ ಫೇಲ್ ಅಂದೆ. ಡಿಸ್ಕ್ ಸರಿ ಇದೆ ಎನ್ನಲು ಸಾಲಾಗಿ ನಿಂತಿದ್ದ ಆರು 'ಯು' ಅಕ್ಷರಗಳಲ್ಲಿ ಮೂರನೆಯದರ ಜಾಗಕ್ಕೆ ಅಡಿಗೆರೆ ಬಂತು. ಕಾಕಾನ ಮಗ, ನನ್ನ ತಮ್ಮ, ಉಸಿರು ಬಿಗಿಹಿಡಿದು ನಿಂತಿದ್ದ. ವಿಡಿಯೋ ಓಡುತ್ತಲೇ ಇತ್ತು. "ಇನ್ನೊಂದು ತಗೀಲ್ಯಾ?" ಅಂದೆ. "ಬ್ಯಾಡೋ ಅಣ್ಣಾ!" ಅಂದ. ತೆಗೆದೆ. ಆಗಲೂ ಓಡಿತು, ಚೆಕ್‌ಸಮ್ ತಾಳೆಯಾಯಿತು. ಆಮೇಲೆ ಎಂಟು ಟಿಬಿಯ ಮಾತು ಬರಲಿಲ್ಲ. ಯಾವ ಭಾಗ ಬದಲಾಯಿತು ಎಂದು ಗುರುತಿಡುವ ಬಿಟ್‌ಮ್ಯಾಪ್ ಇದ್ದುದರಿಂದ ಎರಡೂ ಡಿಸ್ಕ್ ಚಹಾ ಮುಗಿಯುವಷ್ಟರಲ್ಲಿ ಮರಳಿ ಸೇರಿದವು. ಹೊಸ ಡಿಸ್ಕಾಗಿದ್ದರೆ ಮತ್ತೆ ಅಷ್ಟೂ ತಾಸು ಕಾಯಬೇಕಿತ್ತು.

ಸಂಜೆ ಗುಡುಗಿಗೆ ಕರೆಂಟ್ ಹೋಯಿತು. ಯುಪಿಎಸ್ ಯುಎಸ್‌ಬಿ ಮೂಲಕ ಸುದ್ದಿ ಕೊಟ್ಟು, ಬ್ಯಾಟರಿ ಇಳಿಯುವ ಮುಂಚೆ ಮಷೀನ್ ತಾನೇ ಶಟ್‌ಡೌನ್ ಆಯಿತು. ಅದನ್ನು ಬೇರೆಯಾಗಿ ಪರೀಕ್ಷಿಸುವ ಕೆಲಸ ತಪ್ಪಿತು.

ರೇಡ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ತಪ್ಪಾಗಿ ಡಿಲೀಟ್ ಒತ್ತಿದರೆ ಆರೂ ಡಿಸ್ಕ್ ಒಟ್ಟಿಗೇ ವಿಧೇಯವಾಗಿ ಅಳಿಸುತ್ತವೆ. 50 ಎಂಬಿಪಿಎಸ್ ಅಪ್‌ಲೋಡಿನಲ್ಲಿ 8 ಟಿಬಿ ಕಳಿಸಲು ಎರಡು ವಾರ ಬೇಕು. ಚಿಗರಿ ಬಸ್ಸಿನಲ್ಲಿ ಡಿಸ್ಕ್ ಹಿಡಿದು ಹೊರಟರೆ ತಾಸಿನೊಳಗೆ ಧಾರವಾಡ. ಹಾಗಾಗಿ ಬ್ಯಾಕಪ್ ಪ್ರತಿ ಮಾಳಮಡ್ಡಿಯ ಕಾಕಾನ ಮನೆಯ ಟ್ರಂಕಿನಲ್ಲಿರಲಿ ಅಂತ ಮಾತಾಯಿತು.

ಮಷೀನಿನಲ್ಲಿರುವ ಲಿನಕ್ಸ್, ಡೆಬಿಯನ್, ತಿಂಗಳ ಮೊದಲ ರವಿವಾರ ನಸುಕಿನಲ್ಲಿ ತಾನೇ ಇಡೀ ಅರೇ (ಆರೂ ಡಿಸ್ಕಿನ ಗುಂಪು) ಓದಿ ಪ್ಯಾರಿಟಿ ತಾಳೆ ನೋಡುತ್ತದೆ. ಮುಂದಿನದು ಜೂನ್ 1. ಡಿಸ್ಕ್‌ಗಳು ಆಗ ಅದರಲ್ಲೇ ತೊಡಗಿರುವುದರಿಂದ, ಹಿಂದಿನ ರಾತ್ರಿ ರೆಂಡರ್ (ಎಡಿಟ್ ಮಾಡಿದ ವಿಡಿಯೋ ಹೊರತೆಗೆಯುವ ಕೆಲಸ) ಹಚ್ಚಬಾರದೆಂದು ತಮ್ಮನಿಗೆ ಹೇಳಿಡಬೇಕು.