ಬ್ಯಾಟರಿ ಬೆಳಕಿಗೆ ಓಡಿಬಂದ ಏಡಿಮರಿಗಳು

ಜನವರಿಯ ಭಾನುವಾರ, ಬೆಳಗಿನ ಆರೂವರೆ. ಕಾರವಾರದಿಂದ ರಾತ್ರಿ ಬಸ್ಸಿಗೆ ಬಂದ ಐದು ಲೀಟರಿನ ಕ್ಯಾನು ಧಾರವಾಡದ ಪ್ರಯೋಗಾಲಯದ ಮೇಜಿನ ಮೇಲೆ ಇತ್ತು. ಕಾಳಿ ನದಿ ಕಡಲು ಕೂಡುವ ಬಾಯಿಯ ಹೊರಗೆ, ಸಂಜೆ ಬಲೆ ಎಳೆದು ಕಡಲ ಏಡಿಯ ಮರಿಗಳ ಸಮೇತ ಹಿಡಿದ ನೀರು ಅದು. ಪಕ್ಕದಲ್ಲಿ ಹಿಂದಿನ ದಿನ ಬೆಳಿಗ್ಗೆ ಮೊಟ್ಟೆ ಹಾಕಿಟ್ಟ ಆರ್ಟೀಮಿಯಾ (ಉಪ್ಪುನೀರಿನ, ಸಿಗಡಿಯಂತಹ ಸಣ್ಣ ಜೀವಿ) ಬಾಟಲಿ. ವಿದ್ಯಾರ್ಥಿಗಳು ಹತ್ತು ಗಂಟೆಗೆ ಬರುವವರು. ಅಷ್ಟರೊಳಗೆ ಎರಡರಲ್ಲೂ ಈಜುವ ಮರಿಗಳು ಕಾಣಬೇಕಿತ್ತು. ನೋಡಿದರೆ ಕ್ಯಾನಿನ ಮರಿಗಳಲ್ಲಿ ಅರ್ಧ ತಳ ಹಿಡಿದಿದ್ದವು, ಬಾಟಲಿಯಲ್ಲಿ ಒಂದು ಮೊಟ್ಟೆಯೂ ಒಡೆದಿರಲಿಲ್ಲ.

ಎರಡಕ್ಕೂ ಕಾರಣ ಥಂಡಿ. ಥರ್ಮಾಮೀಟರ್ ಇಳಿಬಿಟ್ಟಾಗ ಬಾಟಲಿಯಲ್ಲಿ 18 ಡಿಗ್ರಿ, ಕ್ಯಾನಿನಲ್ಲಿ 19. ಕರಾವಳಿಯ ಲಾರ್ವಾಗಳು, ಅಂದರೆ ಇಂತಹ ಈಜುವ ಎಳೆಮರಿಗಳು, ಬದುಕುವುದು 26ರಿಂದ 29 ಡಿಗ್ರಿ ನೀರಿನಲ್ಲಿ. ನೀರು ತಣ್ಣಗಾದಷ್ಟೂ ಕಾಲು ಬಡಿಯುವ ವೇಗ ಕುಗ್ಗುತ್ತದೆ, ಕಾಲು ನಿಧಾನವಾದರೆ ಮರಿ ಮುಳುಗುತ್ತದೆ. ಅವುಗಳ ಮೈ ನೀರಿಗಿಂತ ತುಸು ಭಾರ, ಸುಮ್ಮನೆ ತೇಲಿಕೊಂಡಿರಲು ಆಗುವುದೇ ಇಲ್ಲ. ತಳದಲ್ಲಿದ್ದವು ಎಲ್ಲವೂ ಸತ್ತಿಲ್ಲ ಎಂದು ತಿಳಿಯಲು ಕರಿಯ ಹಾಳೆಯ ಮೇಲೆ ಒಂದು ಲೋಟ ನೀರು ಇಟ್ಟು ನೋಡಿದರೆ ಸಾಕು. ಜೀವ ಇದ್ದದ್ದು ಗಾಜಿನಂತೆ ತಿಳಿಯಾಗಿರುತ್ತದೆ, ಸತ್ತದ್ದು ಹಾಲಿನಂತೆ ಬೆಳ್ಳಗಾಗುತ್ತದೆ.

ಇಲ್ಲಿ ಅವಸರ ಮಾಡಬಾರದು. ಬಿಸಿನೀರು ಸುರಿದರೆ ಉಳಿದವೂ ಹೋಗುತ್ತವೆ. ಉಗುರುಬೆಚ್ಚಗಿನ ನೀರಿನ ಬುಟ್ಟಿಯೊಳಗೆ ಕ್ಯಾನು ಇಟ್ಟು, ಇಪ್ಪತ್ತು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿದೆವು. ಸತ್ತವನ್ನು ಸಣ್ಣ ರಬ್ಬರ್ ನಳಿಕೆಯಿಂದ ತಳದಿಂದಲೇ ಹೀರಿ ತೆಗೆದೆವು, ಬಿಟ್ಟರೆ ಎರಡು ತಾಸಿನಲ್ಲಿ ನೀರು ಕೆಡುತ್ತದೆ. ಇನ್ನೊಂದು ಎಚ್ಚರ: ಮರಿಗಳನ್ನು ಬಲೆಯಲ್ಲಿ ಗಾಳಿಗೆ ಎತ್ತಲೇಬಾರದು. ನೀರಿನ ಮೇಲ್ಪದರಕ್ಕೆ ಮೈ ಅಂಟಿಕೊಂಡರೆ ಅಷ್ಟು ಸಣ್ಣ ಜೀವಕ್ಕೆ ಬಿಡಿಸಿಕೊಳ್ಳುವ ಬಲ ಇರುವುದಿಲ್ಲ. ಲೋಟದಿಂದ ನೀರು ಸಮೇತ ಮೊಗೆಯಬೇಕು. ಡ್ರಾಪರಿನ ತುದಿ ಕತ್ತರಿಸಿ ಬಾಯಿಯನ್ನು ಮೂರು ನಾಲ್ಕು ಮಿಲಿಮೀಟರ್ ಅಗಲ ಮಾಡಿಕೊಳ್ಳಬೇಕು, ಇಲ್ಲವಾದರೆ ಮರಿಗಳ ಮೈಮೇಲಿನ ಮುಳ್ಳುಗಳು ಮುರಿಯುತ್ತವೆ.

ಹತ್ತರ ಹೊತ್ತಿಗೆ ಮರಿಗಳು ಮೇಲೆದ್ದವು. ಹಾನಗಲ್ ಕಡೆಯ ಒಬ್ಬ ವಿದ್ಯಾರ್ಥಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವನೇ ಕೇಳಿದ: "ಸರ್, ನಮ್ಮ ಗದ್ದಿ ಏಡಿ ಹೊಟ್ಟ್ಯಾಗ ಮರಿ ಏಡಿನ ಇರ್ತಾವಲ್ರಿ, ಇವು ಯಾಕ ಸೊಳ್ಳಿಗತೆ ಅದಾವ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಹಾವೇರಿ, ಹಾನಗಲ್, ಕಲಘಟಗಿಯ ಗದ್ದೆಯ ಬದುಗಳಲ್ಲಿ ಮಳೆಗಾಲಕ್ಕೆ ಸಿಗುವ ಸಿಹಿನೀರಿನ ಏಡಿಗೆ ಈಜುವ ಲಾರ್ವಾ ಹಂತವೇ ಇಲ್ಲ. ಮೊಟ್ಟೆಗಳು ಕಡಿಮೆ, ಆದರೆ ದೊಡ್ಡವು, ಒಳಗೆ ಮರಿಗೆ ಆಹಾರವಾಗುವ ಬಂಡಾರ ತುಂಬಿರುತ್ತದೆ. ಮರಿ ಮೊಟ್ಟೆಯೊಳಗೇ ಪೂರ್ತಿ ಏಡಿಯಾಗಿ ಹೊರಬಂದು, ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಕೆಲದಿನ ಇರುತ್ತದೆ. ಹಳ್ಳದ ಹರಿವಿನಲ್ಲಿ ಈಜುವ ಸಣ್ಣ ಮರಿ ಬಿಟ್ಟರೆ ಅದು ಕೊಚ್ಚಿಕೊಂಡು ಹೋಗುವುದೇ ಸೈ. ಕಡಲ ಏಡಿಯದು ಬೇರೆ ಲೆಕ್ಕ: ಲಕ್ಷಗಟ್ಟಲೆ ಸಣ್ಣ ಮೊಟ್ಟೆ, ಮರಿಗಳೆಲ್ಲ ನೀರಿನ ಪಾಲು. ನಮ್ಮ ಕಡೆಯವರು ಏಡಿಯನ್ನು ಎಷ್ಟೇ ನೋಡಿದ್ದರೂ ಏಡಿಯ ಲಾರ್ವಾ ನೋಡಿರದೆ ಇರುವುದಕ್ಕೆ ಇದೇ ಕಾರಣ.

ಆ ಲಾರ್ವಾದ ಹೆಸರು ಜೋಯಿಯಾ. ಉದ್ದ ಒಂದು ಮಿಲಿಮೀಟರ್ ಆಸುಪಾಸು. ಬೆನ್ನ ಮೇಲೆ ಉದ್ದನೆಯ ಮುಳ್ಳು, ಮೂಗಿನ ಜಾಗದಲ್ಲಿ ಕೆಳಮುಖವಾಗಿ ಇನ್ನೊಂದು, ಮೈಗೆ ಮೀರಿದ ಎರಡು ಕಪ್ಪು ಕಣ್ಣು, ಹಿಂದೆ ಕವಲೊಡೆದ ಬಾಲ. ಏಡಿಯ ಲಕ್ಷಣ ಹುಡುಕಿದರೂ ಸಿಗದು. ಹೀಗಾಗಿಯೇ 1802ರಲ್ಲಿ ಇದನ್ನು ಬೇರೆಯೇ ಪ್ರಾಣಿ ಎಂದು ಹೆಸರಿಸಿದ್ದರು. 1820ರ ದಶಕದಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್ ಏಡಿಯ ಮೊಟ್ಟೆಯಿಂದಲೇ ಇದು ಹೊರಬರುವುದನ್ನು ತೋರಿಸಿದ.

ಗುಂಡಿ ಇರುವ ಸ್ಲೈಡಿನಲ್ಲಿ ಒಂದು ಹನಿ, ಅದರೊಳಗೆ ಅರಳೆಯ ನಾಲ್ಕೈದು ಎಳೆ. ಎಳೆಗಳ ನಡುವೆ ಸಿಕ್ಕ ಜೋಯಿಯಾ ಓಡಲಾರದು, ಆದರೆ ಕಾಲು ಬಡಿಯುತ್ತಲೇ ಇರುತ್ತದೆ. ಬಡಿಯುವುದು ಬಾಯಿಯ ಹಿಂದಿನ ಎರಡು ಜೊತೆ ಅಂಗಗಳು. ಮುಂದೆ ಇವೇ ಏಡಿಯ ಬಾಯಿಯ ಭಾಗಗಳಾಗುತ್ತವೆ, ಈಗ ಮಾತ್ರ ಹುಟ್ಟುಗೋಲು. ಒಂದೊಂದರ ತುದಿಯಲ್ಲೂ ಗರಿಯಂತಹ ಕೂದಲು. ಹಿಂದಕ್ಕೆ ತಳ್ಳುವಾಗ ಗರಿ ಬೀಸಣಿಗೆಯಂತೆ ಬಿಚ್ಚುತ್ತದೆ, ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತದೆ. ಒಂದು ಮಿಲಿಮೀಟರ್ ಜೀವಕ್ಕೆ ನೀರು ನಮಗಿದ್ದಂತೆ ತೆಳ್ಳಗಲ್ಲ, ಬೆಲ್ಲದ ಪಾಕದಂತೆ ಹಿಡಿಯುತ್ತದೆ. ಬಡಿತ ನಿಂತರೆ ಮುಂದೆ ಸಾಗುವುದೂ ಅಲ್ಲಿಗೇ ನಿಲ್ಲುತ್ತದೆ. ಹಂತ ತಿಳಿಯಲು ಈ ಗರಿಗಳನ್ನೇ ಎಣಿಸುವುದು: ಮೊದಲ ಹಂತದಲ್ಲಿ ನಾಲ್ಕು, ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದರೆ ಸಾಮಾನ್ಯವಾಗಿ ಆರು. ನಾವು ನೋಡಿದ ಹನ್ನೆರಡರಲ್ಲೂ ನಾಲ್ಕೇ ಇದ್ದವು.

ಆಮೇಲೆ ಎಲ್ಲರೂ ಮಾಡುವ ಪ್ರಯೋಗ. ಒಂದು ಲೀಟರಿನ ಅಳತೆಗೊಳವೆಯಲ್ಲಿ ಮರಿಗಳನ್ನು ಬಿಟ್ಟು, ಕೋಣೆ ಕತ್ತಲು ಮಾಡಿ, ಬದಿಯಿಂದ ಬ್ಯಾಟರಿ ಹಚ್ಚಿದೆವು. ಅರ್ಧ ನಿಮಿಷದಲ್ಲಿ ಬೆಳಕು ಬಿದ್ದ ಕಡೆ ಮುತ್ತಿದವು. "ಬೆಳಕು ಕಂಡರೆ ಬರ್ತಾವು" ಎಂದು ಹುಡುಗರು ಬರೆದುಕೊಂಡರು. ಇದನ್ನು ಅಷ್ಟಕ್ಕೇ ಬಿಟ್ಟರೆ ತಪ್ಪು ಕಲಿಸಿದಂತೆ. ಕಡಲಿನಲ್ಲಿ ಬೆಳಕು ಹೀಗೆ ಒಂದೇ ಕೋಲಿನಂತೆ ಬರುವುದಿಲ್ಲ, ಮೇಲಿನಿಂದ ಹರಡಿಕೊಂಡು, ಎಲ್ಲ ಬದಿಗೂ ಚದುರಿ ಬರುತ್ತದೆ. ಬರಿಯ ಬ್ಯಾಟರಿಯ ಮುಂದೆ ಕಂಡ ನಡತೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಕೊಳವೆಯ ಸುತ್ತ ಕರಿಯ ಹಾಳೆ ಸುತ್ತಿ, ನೋಡಲು ಬೆರಳಗಲ ಸೀಳು ಬಿಟ್ಟು, ಮೇಲೆ ಮೂರು ಪದರ ಬಟರ್ ಪೇಪರ್ ಹಾಕಿ ದೀಪ ಇಟ್ಟೆವು. ಈ ಸಲ ಮುತ್ತಲಿಲ್ಲ. ಹೆಚ್ಚಿನವು ನಡುವಿಗೂ ಕೆಳಗೂ ಹರಡಿಕೊಂಡವು. ಹಗಲು ಕೆಳಗೆ, ರಾತ್ರಿ ಮೇಲೆ ಎಂಬುದು ಎಷ್ಟೋ ಜಾತಿಗಳ ರೂಢಿ. ಮೀನಿನ ಕಣ್ಣಿಗೆ ಬೀಳದೆ ಉಳಿಯುವ ದಾರಿ ಅದು.

ಅದೇ ಬೆಳಕಿಗೆ ಅಂಗೈ ಅಡ್ಡ ಹಿಡಿದಾಗ ಕಂಡದ್ದು ಇನ್ನೂ ಸೊಗಸು. ನೆರಳು ಬಿದ್ದ ಕೂಡಲೇ ಮೇಲಿದ್ದವು ಕಾಲು ನಿಲ್ಲಿಸಿ ಬೂದಿಯ ಹುಡಿಯಂತೆ ಇಳಿದವು, ಎರಡು ಮೂರು ಸೆಕೆಂಡಿಗೆ ಮತ್ತೆ ಬಡಿಯತೊಡಗಿದವು. ಮೇಲೆ ಬೇಟೆಗಾರ ಜೀವಿ ಸುಳಿದಾಗ ತಪ್ಪಿಸಿಕೊಳ್ಳುವುದು ಹೀಗೆಯೇ. ನಾಲ್ಕಾರು ಸಲ ಬಿಡದೆ ಮಾಡಿದರೆ ಮಾತ್ರ ಪ್ರತಿಕ್ರಿಯೆ ಮಂಕಾಗುತ್ತದೆ, ನಡುವೆ ಹತ್ತು ನಿಮಿಷ ಬಿಡಬೇಕು.

ಒತ್ತಡದ ಪ್ರಯೋಗಕ್ಕೆ ಬೇಕಾದದ್ದು ಸೂಜಿ ತೆಗೆದ 50 ಮಿಲಿಲೀಟರ್ ಸಿರಿಂಜು. ಅದರಲ್ಲಿ ಕಡಲ ನೀರು, ಇಪ್ಪತ್ತು ಮರಿ, ತುದಿಯಲ್ಲಿ ಒಂದು ಮಿಲಿಲೀಟರ್ ಗಾಳಿಗುಳ್ಳೆ. ಬಾಯಿ ಮುಚ್ಚಿ ನೆಟ್ಟಗೆ ಹಿಡಿದು ಮೆಲ್ಲಗೆ ಒತ್ತಬೇಕು. ಗುಳ್ಳೆ ಹತ್ತನೇ ಒಂದು ಪಾಲು ಕುಗ್ಗಿದರೆ ಮರಿಗಳ ಮೇಲೆ ಸುಮಾರು ಒಂದು ಮೀಟರ್ ನೀರಿನ ಭಾರ ಹೆಚ್ಚಿದಂತೆ. ಒತ್ತಿದಾಗ ಮೇಲಕ್ಕೆ ಈಜಿದವು, ಬಿಟ್ಟಾಗ ಇಳಿದವು. ಗುಳ್ಳೆ ಅರ್ಧಕ್ಕೆ ಇಳಿಯುವಷ್ಟು ಜೋರು ಹಾಕಿದರೆ ಹತ್ತು ಮೀಟರಿನ ಒತ್ತಡ, ಅಷ್ಟು ಬೇಡ.

ಜೋಯಿಯಾ ಸೆಕೆಂಡಿಗೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಈಜೀತು. ನದಿಬಾಯಿಯ ಇಳಿತದ ಹರಿವು ಅದರ ಹತ್ತಾರು ಪಟ್ಟು ಜೋರು. ಅಡ್ಡ ಈಜಿ ಎಲ್ಲಿಗೂ ಮುಟ್ಟಲಾರದು. ಅದರ ಕೈಯಲ್ಲಿರುವುದು ಆಳ ಒಂದೇ. ನದಿಬಾಯಿಯಲ್ಲಿ ಹುಟ್ಟುವ ಹಲವು ಜಾತಿಯ ಮರಿಗಳು ಇಳಿತದ ಹೊತ್ತಿಗೆ ಮೇಲೆ ಬಂದು ಜೋರು ಹರಿವಿನ ಜೊತೆ ಕಡಲಿಗೆ ಹೋಗುತ್ತವೆ, ಭರತದ (ಉಬ್ಬರದ) ಹೊತ್ತಿಗೆ ಕೆಳಗಿಳಿದು ತಳದ ನಿಧಾನ ನೀರಿನಲ್ಲಿ ಉಳಿಯುತ್ತವೆ. ವಾರಗಳ ಮೇಲೆ ಮೆಗಾಲೋಪಾ ಆದಾಗ, ಅಂದರೆ ಕೊಂಡಿ ಮೂಡಿ, ಹೊಟ್ಟೆಯಡಿಯ ಕಾಲುಗಳಿಂದ ಈಜುವ ಹಂತದಲ್ಲಿ, ಲೆಕ್ಕ ತಿರುಗುಮುರುಗು: ಭರತಕ್ಕೆ ಮೇಲೆದ್ದು ದಡದ ಕಡೆ. ಕೆಲವು ಜಾತಿಗಳು ನದಿಬಾಯಿ ಬಿಟ್ಟು ಹೋಗುವುದೇ ಇಲ್ಲ, ಅವು ಮೇಲೆ ಕೆಳಗೆ ಆಡುವ ಹೊತ್ತು ಬೇರೆ.

ಕ್ಯಾನಿನಲ್ಲಿ ಮೈಸಿಸ್ ಎಂಬ ಹಂತದ ಸಿಗಡಿ ಮರಿ ಎರಡು ಸಿಕ್ಕವು. ತಲೆ ಕೆಳಗೆ, ಬಾಲ ಮೇಲೆ ಮಾಡಿ ತೂಗಾಡುತ್ತ, ಆಗಾಗ ಬಾಲ ಚಿಮ್ಮಿ ಹಿಂದಕ್ಕೆ ಹಾರುತ್ತಿದ್ದವು. ಈ ಬಗೆಯ ಸಿಗಡಿ ಮೊಟ್ಟೆಯೊಡೆದು ಬರುವುದು ನಾಪ್ಲಿಯಸ್ ಎಂಬ ಮೊದಲ ಹಂತದ ಮರಿಯಾಗಿ, ಆಗ ಮೀಸೆಗಳೇ ಹುಟ್ಟುಗೋಲು. ಮುಂದಿನ ಪ್ರೋಟೋಜೋಯಿಯಾ ಹಂತದಲ್ಲಿ ಮೀಸೆಗಳ ಜೊತೆಗೆ ಬಾಯಿಯ ಬಳಿಯ ಅಂಗಗಳೂ ಸೇರುತ್ತವೆ, ಮೈಸಿಸ್‌ನಲ್ಲಿ ಎದೆಯ ಕಾಲುಗಳು, ಮರಿ ಸಿಗಡಿಯಾದಾಗ ಹೊಟ್ಟೆಯ ಕಾಲುಗಳು. ಪ್ರತಿ ಹಂತಕ್ಕೂ ಈಜುವ ಸಾಧನ ಮೈಯಲ್ಲಿ ಹಿಂದಕ್ಕೆ ಸರಿಯುತ್ತ ಹೋಗುತ್ತದೆ.

ಆರ್ಟೀಮಿಯಾ ಒಡೆದದ್ದು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆಯೇ ಬಾಟಲಿಯಿಂದ ಗೇಣು ದೂರಕ್ಕೆ 60 ವಾಟಿನ ಬಲ್ಬು ಹಚ್ಚಿ 27 ಡಿಗ್ರಿಗೆ ತಂದಿದ್ದೆವು. ಅಳತೆ ಹೀಗಿದೆ: ಎರಡು ಲೀಟರಿನ ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸುವುದು. ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ನಳದ ನೀರು ಒಂದೂವರೆ ಲೀಟರ್, ಹರಳುಪ್ಪು 40 ಗ್ರಾಂ, ಚಿಟಿಕೆ ಅಡುಗೆ ಸೋಡಾ, ಮೊಟ್ಟೆ ಎರಡು ಗ್ರಾಂ. ಗಾಳಿಯ ನಳಿಕೆ ತಳದ ಬಾಯಿಯವರೆಗೂ ಇರಬೇಕು, ಮೊಟ್ಟೆ ಒಂದೆಡೆ ಕುಂತರೆ ಒಡೆಯುವುದಿಲ್ಲ. 27 ಡಿಗ್ರಿಯಲ್ಲಿ ಇದು 24 ತಾಸಿನ ಕೆಲಸ. ಗಾಳಿ ನಿಲ್ಲಿಸಿ ಐದು ನಿಮಿಷ ಬಿಟ್ಟಾಗ ಖಾಲಿ ಸಿಪ್ಪೆ ಮೇಲೆ ತೇಲಿತು, ತಳದ ಬಳಿ ಹಿಡಿದ ಬೆಳಕಿಗೆ ಕಿತ್ತಳೆ ಬಣ್ಣದ ಮರಿಗಳು ಇಳಿದವು. ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ನೈಲಾನ್ ಜಾಲರಿಯನ್ನು ಹುಬ್ಬಳ್ಳಿಯಿಂದ ತಂದು ಸೋಸಣಿಗೆ ಮಾಡಿಕೊಂಡಿದ್ದೆವು. ಜೋಯಿಯಾಗಳಿಗೆ ಅಂದಿನ ಊಟ ಇದೇ. ಒಡೆದ ಕೆಲವೇ ತಾಸಿನೊಳಗೆ ಕೊಡಬೇಕು, ತಡವಾದರೆ ಒಳಗಿನ ಬಂಡಾರ ಕರಗಿ ಸತ್ವ ಇಳಿಯುತ್ತದೆ.

ರಾತ್ರಿ ಕೊಳವೆಯನ್ನು ಬುಟ್ಟಿಯ ಉಗುರುಬೆಚ್ಚಗಿನ ನೀರಿನಲ್ಲೇ ಬಿಟ್ಟು, ಬೆಳಿಗ್ಗೆ ಮತ್ತೆ ಹನಿ ತೆಗೆದೆವು. ತಳದಲ್ಲಿ ಗಾಜಿನ ಚೂರಿನಂತೆ ಕಳಚಿದ ಪೊರೆ, ಬೆನ್ನ ಮುಳ್ಳು ಸಮೇತ. ಮೂರನೆಯ ಸ್ಲೈಡಿನಲ್ಲಿ ಗರಿ ಎಣಿಸಿದ ಹುಡುಗಿ ಎರಡು ಸಲ ಎಣಿಸಿ "ಆರು" ಅಂದಳು. ನಿನ್ನೆಯವರೆಗೆ ತಲೆಗೆ ಅಂಟಿದ್ದ ಕಣ್ಣುಗಳು ಈಗ ಸಣ್ಣ ತೊಟ್ಟಿನ ಮೇಲೆ ಕೂತು, ದೀಪದ ಕಡೆಗೊಮ್ಮೆ ಕನ್ನಡಿಯ ಕಡೆಗೊಮ್ಮೆ ಹೊರಳುತ್ತಿದ್ದವು.